1951ರ ನ್ಯೂಯಾರ್ಕ್ ಜಯಂಟ್ಸ್: ಗೆದ್ದದ್ದು ಆಟದಿಂದಲಾ, ದುರ್ಬೀನಿನಿಂದಲಾ?

ತೀರ್ಥಹಳ್ಳಿ_ಆಫ್‌ಸ್ಪಿನ್:
ಮಳೆ ಬಿಡುತ್ತಿಲ್ಲ, ಮೈದಾನ ಪೂರ್ತಿ ಕೆಸರು, ಹಾಗಾಗಿ ಹಳೇ ಬೇಸ್‌ಬಾಲ್ ಕಥೆ ಓದುತ್ತಿದ್ದೇನೆ. ಆ ವರ್ಷ ಆಗಸ್ಟ್ 11ಕ್ಕೆ ಜಯಂಟ್ಸ್, ಬ್ರೂಕ್ಲಿನ್ ಡಾಡ್ಜರ್ಸ್‌ಗಿಂತ 13.5 ಪಂದ್ಯ ಹಿಂದಿತ್ತಂತೆ. ಈ ಅರ್ಧ ಪಂದ್ಯ ಏನು? ಆಮೇಲೆ ದುರ್ಬೀನಲ್ಲಿ ಕದ್ದು ನೋಡಿ ಗೆದ್ದರು ಅಂತಲೂ ಇದೆ. ಹಾಗಾದರೆ ಆ ಸೀಸನ್‌ಗೆ ಬೆಲೆಯೇ ಇಲ್ವಾ?

ಸಾಗರದವ:
ಲೆಕ್ಕ ಸುಲಭ ಮಾರಾಯ್ರೆ. ಗೆಲುವಿನ ಅಂತರಕ್ಕೆ ಸೋಲಿನ ಅಂತರ ಕೂಡಿಸಿ ಅರ್ಧ ಮಾಡಬೇಕು. ಅವತ್ತು ಡಾಡ್ಜರ್ಸ್‌ಗೆ ಎರಡು ಪಂದ್ಯವಿತ್ತು, ಮೊದಲನೆಯದು ಗೆದ್ದಾಗ ಅವರದು 70 ಗೆಲುವು, 35 ಸೋಲು. ಜಯಂಟ್ಸ್ 59 ಗೆಲುವು, 51 ಸೋಲು. 11ಕ್ಕೆ 16 ಸೇರಿ 27, ಅದರ ಅರ್ಧ 13.5. ಉಳಿದ 44 ಪಂದ್ಯಗಳಲ್ಲಿ ಜಯಂಟ್ಸ್ 37 ಗೆದ್ದರು, ಅದರಲ್ಲಿ 16 ಒಂದರ ಹಿಂದೊಂದು! ಕೊನೆಗೆ ಇಬ್ಬರದೂ 96 ಗೆಲುವು, 58 ಸೋಲು. ಅದಕ್ಕೇ ಮತ್ತೆ ಮೂರು ಪಂದ್ಯ ಆಡಿಸಿದ್ದು.

ಶಿವಮೊಗ್ಗ_ಎಡಗೈ:
ದುರ್ಬೀನು ನಿಜ. ಪಿಚರ್‌ಗೆ, ಅಂದರೆ ಚೆಂಡು ಎಸೆಯುವವನಿಗೆ, ಎಂಥ ಚೆಂಡು ಹಾಕಬೇಕು ಅಂತ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರ) ಬೆರಳಲ್ಲಿ ಸನ್ನೆ ಮಾಡುತ್ತಾನೆ. ಅದನ್ನು ಜಯಂಟ್ಸ್‌ನವರು ತಮ್ಮ ಪೋಲೊ ಗ್ರೌಂಡ್ಸ್ ಮೈದಾನದ ಆಚೆ ತುದಿಯ ಕೋಣೆಯಿಂದ ನೋಡಿ, ತಂತಿ ಎಳೆದು ಬಜರ್ ಒತ್ತಿ ತಮ್ಮವರಿಗೆ ತಿಳಿಸುತ್ತಿದ್ದರು. 2001ರಲ್ಲಿ ಆ ತಂಡದ ಆಟಗಾರರೇ ಪತ್ರಿಕೆಗೆ ಒಪ್ಪಿಕೊಂಡರು. ಆದರೆ ಅದು ನಡೆಯುತ್ತಿದ್ದದ್ದು ಸ್ವಂತ ಮೈದಾನದಲ್ಲಿ ಮಾತ್ರ. ಸೆಪ್ಟೆಂಬರ್ 30ರಂದು, ಸೋತಿದ್ದರೆ ಎಲ್ಲ ಹೋಗುತ್ತಿದ್ದ ದಿನ, ಅವರು ಗೆದ್ದದ್ದು ಬೋಸ್ಟನ್‌ನಲ್ಲಿ. ಮತ್ತೆ ಆಡಿಸಿದ ಆ ಮೂರು ಪಂದ್ಯಗಳಲ್ಲಿ ಮೊದಲನೆಯದನ್ನು ಬ್ರೂಕ್ಲಿನ್‌ಗೇ ಹೋಗಿ 3–1ರಿಂದ ಗೆದ್ದರು, ಮಾರನೇ ದಿನ ದುರ್ಬೀನು ಇದ್ದ ತಮ್ಮ ಮನೆಯಲ್ಲೇ 10–0ಯಿಂದ ಸೋತರು. ನನ್ನ ಪ್ರಕಾರ ಸುಮ್ನೆ ಅದೊಂದಕ್ಕೇ ಎಲ್ಲ ಕಟ್ಟುವುದು ತಪ್ಪು.

ಭದ್ರಾವತಿ_ಗ್ಯಾಲರಿ:
ಒಪ್ಪುವುದಿಲ್ಲ ಸಾರ್. ಡಾಡ್ಜರ್ಸ್ ಪಿಚರ್ ರಾಲ್ಫ್ ಬ್ರಾಂಕಾ ಕಡೆಯಿಂದ ನೋಡಿ. ಅಕ್ಟೋಬರ್ 3, ಕೊನೇ ಇನ್ನಿಂಗ್ಸ್, ಡಾಡ್ಜರ್ಸ್ 4–2 ಮುಂದೆ, ಇವನ ಚೆಂಡಿಗೆ ಜಯಂಟ್ಸ್‌ನ ಬಾಬಿ ಥಾಮ್ಸನ್ ಹೋಮ್ ರನ್ (ನಮ್ಮ ಸಿಕ್ಸರ್ ಥರ), ಒಂದೇ ಹೊಡೆತಕ್ಕೆ ಮೂರು ರನ್, ಜಯಂಟ್ಸ್ 5–4, ಮುಗಿಯಿತು. ಸನ್ನೆ ಸಿಕ್ಕಿತ್ತೋ ಇಲ್ಲವೋ, ಥಾಮ್ಸನ್ ಅಂತೂ ಆ ಚೆಂಡಿಗೆ ಇಲ್ಲ ಎಂದ. ಆದರೆ ಬ್ರಾಂಕಾ ದಶಕಗಳ ಕಾಲ 'ಆ ಚೆಂಡು ಹಾಕಿದವನು' ಆಗಿಯೇ ಉಳಿದ. ಒಳ್ಳೇ ಆಟವಾಡಿಯೂ ಕದ್ದು ನೋಡುವ ಅಗತ್ಯ ಏನಿತ್ತು?

ತೀರ್ಥಹಳ್ಳಿ_ಆಫ್‌ಸ್ಪಿನ್:
ಇಬ್ಬರ ಮಾತೂ ಹೌದು ಅನ್ನಿಸುತ್ತಿದೆ. ಆಮೇಲಿನ ವರ್ಲ್ಡ್ ಸೀರೀಸ್, ಅಂದರೆ ಫೈನಲ್ ಸರಣಿ, ಏನಾಯಿತು?

ಸಾಗರದವ:
ನ್ಯೂಯಾರ್ಕಿನದೇ ಇನ್ನೊಂದು ತಂಡ ಯಾಂಕೀಸ್, ಜಯಂಟ್ಸ್ ವಿರುದ್ಧ 4–2ರಿಂದ ಗೆದ್ದರು. ಥಾಮ್ಸನ್ ಹೊಡೆದಾಗ ಮುಂದಿನ ಸರದಿಗೆ ಕಾಯುತ್ತಿದ್ದವನು ಯಾರು ಗೊತ್ತಾ? ಮುಂದೆ ದಿಗ್ಗಜನಾದ ವಿಲ್ಲಿ ಮೇಸ್. ವಯಸ್ಸು 20, ಅದೇ ಅವನ ಮೊದಲ ಸೀಸನ್. ಅವನ ಬಗ್ಗೆಯೂ ಓದಿ.