ಸಹಾಯ ಬೇಕು: ತೋರಣಗಲ್ಲಿನ ಮೈನ್‌ಕ್ರಾಫ್ಟ್ ಸರ್ವರ್ ಹೊರಗಿನವರಿಗೆ ಸಿಗ್ತಿಲ್ಲ

ನಮಸ್ಕಾರ್ರಿ. ಮೈನ್‌ಕ್ರಾಫ್ಟ್ ಜಾವಾ ಸರ್ವರ್ ತೋರಣಗಲ್ಲಿನ ಮನೆ ಪಿಸಿಯಲ್ಲಿ ಐತೆ. ಒಂದೇ ವೈಫೈನಲ್ಲಿರೋರು ಸಲೀಸಾಗಿ ಸೇರ್ತಾರೆ. ರಾಯಚೂರು, ಗಂಗಾವತಿಯ ಸಹೋದ್ಯೋಗಿಗಳಿಗೆ ಮಾತ್ರ ‘ಕನೆಕ್ಷನ್ ಟೈಮ್ಡ್ ಔಟ್’. ಪಿಸಿಗೆ 192.168.1.50 ಅನ್ನೋ ಐಪಿ ಕಾಯಂ ಮಾಡಿ, ರೂಟರ್‌ನಲ್ಲಿ ಮೈನ್‌ಕ್ರಾಫ್ಟ್ ಬಳಸೋ ಪೋರ್ಟ್ ಟಿಸಿಪಿ 25565 ಫಾರ್ವರ್ಡ್ ಕೊಟ್ಟು, ಫೈರ್‌ವಾಲ್‌ನಲ್ಲೂ ಬಿಟ್ಟಾಗೈತೆ.

ಆದ್ರೆ ರೂಟರ್‌ನ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) 100.72ರಿಂದ ಶುರು. 100.64ರಿಂದ 100.127ರವರೆಗಿನದೆಲ್ಲ ಸಿಜಿನ್ಯಾಟ್ (ಒಂದೇ ಹೊರಗಿನ ಐಪಿಯನ್ನ ಹಲವು ಮನೆಗಳಿಗೆ ಹಂಚೋ ವ್ಯವಸ್ಥೆ), ಹೊರಗಿಂದ ಬಂದದ್ದು ಇಂಟರ್ನೆಟ್ ಕೊಡೋರ ಹತ್ರಾನೇ ನಿಂತುಬಿಡ್ತದೆ, ಮನೆ ರೂಟರ್ ಮುಟ್ಟೋದೇ ಇಲ್ಲ. ಅದಕ್ಕೆ ‘ರೂಟರ್ ಆಫ್ ಮಾಡಿ ಆನ್ ಮಾಡ್ರಿ’ ಅನ್ನೋ ಸಲಹೆ ದಯವಿಟ್ಟು ಬೇಡ್ರಿ.

ಟೇಲ್‌ಸ್ಕೇಲ್ (ದೂರದ ಪಿಸಿಗಳನ್ನ ಒಂದೇ ಖಾಸಗಿ ನೆಟ್‌ವರ್ಕ್‌ಗೆ ಸೇರಿಸೋ ವಿಪಿಎನ್) ಹಾಕೋ ಯೋಚನೆ ಐತೆ. ಬಳ್ಳಾರಿ–ರಾಯಚೂರು ನಡುವೆ ಬಳಸೋರು ಯಾರಾದ್ರೂ ‘ಟೇಲ್‌ಸ್ಕೇಲ್ ಪಿಂಗ್’ ಕೊಟ್ಟು ನೋಡಿ ಹೇಳ್ರಿ: ನೇರ ದಾರಿ ಸಿಗ್ತದಾ, ‘ವಯಾ ಡರ್ಪ್’ (ಟೇಲ್‌ಸ್ಕೇಲ್‌ನ ರಿಲೇ ಸರ್ವರ್ ಮೂಲಕ) ಅಂತ ಬರ್ತದಾ? ರಿಲೇ ಸುತ್ತಿ ಬಂದ್ರೆ ಪಿಂಗ್ ಏರಿ ಆಟ ತಡವರಿಸ್ತದೆ. ಇಲ್ಲಿ ಸ್ಟ್ಯಾಟಿಕ್ ಐಪಿ (ನಮಗೊಬ್ಬರಿಗೇ ಇರೋ, ಬದಲಾಗದ ಹೊರಗಿನ ಐಪಿ) ಕೊಡೋರಿದ್ರೆ ತಿಂಗಳಿಗೆ ಎಷ್ಟು ತಗೋತಾರೆ ಅನ್ನೋದನ್ನೂ ತಿಳಿಸ್ರಿ.