ಬ್ರಸ್ಸಾವೋಲಾ ನೊಡೋಸಾ ಆರ್ಕಿಡ್: ಹೂವಿದೆ, ಪರಿಮಳ ಯಾಕಿಲ್ಲ?

ಪ್ರಶ್ನೆ (ಉಡುಪಿ): ಜಗಲಿಯಲ್ಲಿ ತೂಗುಹಾಕಿದ ಗಿಡ ಬಿಳಿ ಹೂ ಬಿಟ್ಟಿದೆ. ಸಂಜೆ 5ಕ್ಕೆ ಮೂಸಿದರೆ ವಾಸನೆಯೇ ಇಲ್ಲ. ಕುಂಡದಲ್ಲಿ ಬರೀ ತೆಂಗಿನ ಸಿಪ್ಪೆ ಇದೆ, ಬೇರು ಕಪ್ಪಾಗುತ್ತಿದೆ. ಏನು ಮಾಡಲಿ?

ಉತ್ತರ 1: ಹೊತ್ತು ತಪ್ಪಿದೆ, ಅಷ್ಟೇ. ಇದರ ಪರಾಗಸ್ಪರ್ಶ ಮಾಡುವುದು ಇರುಳಲ್ಲಿ ಹಾರುವ ಹಾಕ್ ಪತಂಗಗಳು. ಹಾಗಾಗಿ ಕತ್ತಲಾದ ಮೇಲೆಯೇ ಪರಿಮಳ ಬಿಡುತ್ತದೆ, ನಿಂಬೆಹಣ್ಣಿನ ಜಾತಿಯ ಸುವಾಸನೆ. ರಾತ್ರಿ 9ರ ನಂತರ ಗಾಳಿ ಇಲ್ಲದಾಗ ನೋಡಿ. ಈಗಷ್ಟೇ ಅರಳಿದ ಹೂವಾದರೆ ಇನ್ನೆರಡು ರಾತ್ರಿ ಕಾಯಿರಿ.

ಉತ್ತರ 2 (ಮಂಗಳೂರು): ನನಗೆ ಪರಿಮಳಕ್ಕಿಂತ ಬೇರಿನದೇ ಚಿಂತೆ. ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದ ಉತ್ತರ ಭಾಗದವರೆಗೆ ಮರಗಳ ಮೇಲೆ, ಕರಾವಳಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಮರಗಳ ಮೇಲೂ ಬೆಳೆಯುವ ಗಿಡ ಇದು. ಒದ್ದೆಯಾದ ಬೇರಿಗೆ ಬೇಗ ಗಾಳಿ ತಾಗಬೇಕು. ನಮ್ಮ ಆಟಿ ತಿಂಗಳ ಮಳೆಯಲ್ಲಿ ಸಿಪ್ಪೆ ಒಣಗುವುದೇ ಇಲ್ಲ, ಬೇರು ಕೊಳೆಯುತ್ತದೆ. ಹೂ ಬಾಡಿ, ಹೊಸ ಬೇರಿನ ತುದಿ ಹಸಿರಾಗಿ ಕಂಡಾಗ ಗಿಡ ಬಿಡಿಸಿ. ಒತ್ತಿದರೆ ಮೆತ್ತಗಾಗುವ ಬೇರನ್ನು ಬೆಂಕಿಗೆ ಹಿಡಿದ ಕತ್ತರಿಯಿಂದ ತೆಗೆಯಿರಿ. ಗಟ್ಟಿ ಬೇರು ಮುಟ್ಟಬೇಡಿ. ಆಮೇಲೆ ಮರದ ತುಂಡಿಗೆ ಕಟ್ಟಿ, ಇಲ್ಲವೇ ಇದ್ದಿಲು ಮತ್ತು ಹಂಚಿನ ಚೂರು ಸಮ ಸೇರಿಸಿದ ಬುಟ್ಟಿಗೆ ಹಾಕಿ. ಮಳೆಗಾಲದಲ್ಲಿ ಮಾಡಿನ ಕೆಳಗೆ ತನ್ನಿ.

ಉತ್ತರ 1: ಬೆಳಕನ್ನೂ ಗಮನಿಸಿ. ಎಲೆ ಕಡು ಹಸಿರಾಗಿದ್ದರೆ ಬಿಸಿಲು ಸಾಲದು, ಮುಂದಿನ ಸಲ ಹೂವೂ ಕಡಿಮೆ. ಬೆಳಗಿನ ಬಿಸಿಲು ನೇರ ಬೀಳಲಿ, ಮಧ್ಯಾಹ್ನ ನೆರಳುಬಲೆ ಸಾಕು. ಹೊಸ ಬೇರು ಹಿಡಿದ ಮೇಲೆ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವುದು), ಲೀಟರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ.