ಎರಡು ಟ್ರಾನ್ಸಿಸ್ಟರ್ ಬ್ಲಿಂಕರ್: ಅಡಾಪ್ಟರ್ ಹಾಕಿದರೆ ಅವಸರ ಜಾಸ್ತಿ, ಯಾಕೆ?

ಬೆಟಗೇರಿ ಅಪ್ಪ:
ನಮಸ್ಕಾರ್ರೀ. ಏಳನೇ ಕ್ಲಾಸಿನ ಮಗಳು ಶಾಲೆಗೆ ರೈಲ್ವೆ ಗೇಟಿನ ಮಾಡೆಲ್ ಮಾಡುತ್ತಿದ್ದಾಳೆ. ಗದಗ ಜಂಕ್ಷನ್ ನೋಡುತ್ತ ಬೆಳೆದವಳಿಗೆ ಬೇರೇನು ಹೊಳೆಯಬೇಕು! ಎರಡು ಕೆಂಪು ಎಲ್‌ಇಡಿ ಒಂದಾದ ಮೇಲೊಂದು ಮಿನುಗಬೇಕು. ಬಿಸಿ547 ಟ್ರಾನ್ಸಿಸ್ಟರ್ ಎರಡು, ಅದರ ಕಲೆಕ್ಟರ್ ಕಾಲಿಗೆ ಎಲ್‌ಇಡಿ ಜತೆ 470 ಓಮ್ ರೆಸಿಸ್ಟರ್, ಬೇಸ್ ಕಾಲಿಗೆ 47ಕೆ (47 ಸಾವಿರ ಓಮ್) ರೆಸಿಸ್ಟರ್, ಕೆಪಾಸಿಟರ್ 10 ಮೈಕ್ರೋಫ್ಯಾರಡ್. 9 ವೋಲ್ಟ್ ಬ್ಯಾಟರಿಯಲ್ಲೇ ಅವಸರ ಇತ್ತು, 12 ವೋಲ್ಟ್ ಅಡಾಪ್ಟರ್ ಹಾಕಿದರೆ ಇನ್ನೂ ಓಡುತ್ತಿದೆ. 47ಕೆ ಬದಲು 100ಕೆ ಹಾಕಿದೆ. ನಿಧಾನ ಆಯಿತು, ಆದರೆ ದೀಪ ಮಂಕು. ಒಂದೊಂದು ದೀಪ ಒಂದು ಸೆಕೆಂಡು ಉರಿದರೆ ಸಾಕು. ಶನಿವಾರ ಪ್ರದರ್ಶನ.

ಹಾವೇರಿ ಡಿಪ್ಲೊಮಾ:
ಸುಮ್ನೆ 555 ಟೈಮರ್ ಐಸಿ ಹಾಕಿಬಿಡಿ ಸರ್.

ರೇಡಿಯೋ ಕಾಕಾ, ಧಾರವಾಡ:
555 ಬೇಡ ತಮ್ಮಾ. ಒಂದು ಟ್ರಾನ್ಸಿಸ್ಟರ್ ಎದ್ದರೆ ಇನ್ನೊಂದನ್ನು ಮಲಗಿಸುತ್ತದೆ, ಆ ಆಟವನ್ನು ಹುಡುಗಿ ಕಣ್ಣಾರೆ ನೋಡಲಿ.

ಬೇಸ್ ರೆಸಿಸ್ಟರ್ ಮುಟ್ಟಬೇಡಿ. 100ಕೆಯಲ್ಲಿ ಬೇಸಿಗೆ ಸಿಗುವ ಕರೆಂಟು ಸಾಲುವುದಿಲ್ಲ, ಟ್ರಾನ್ಸಿಸ್ಟರ್ ಪೂರ್ತಿ ಆನ್ ಆಗುವುದಿಲ್ಲ. ಮಂಕು ಅದಕ್ಕೇ. ಕೆಪಾಸಿಟರ್ ಬದಲಿಸಿ. ಒಂದು ದೀಪ ಉರಿಯುವ ಹೊತ್ತಿನ ಲೆಕ್ಕ ಸುಲಭ: 0.69 × ಆರ್ (ಬೇಸ್ ರೆಸಿಸ್ಟರ್) × ಸಿ (ಕೆಪಾಸಿಟರ್). ಈಗ ನಿಮ್ಮದು 0.32 ಸೆಕೆಂಡು. 33 ಮೈಕ್ರೋಫ್ಯಾರಡ್ ಹಾಕಿದರೆ 1.07. ಪ್ಲಸ್ ಕಾಲು ಕಲೆಕ್ಟರ್ ಕಡೆಗಿರಲಿ.

ಇನ್ನು ಅಡಾಪ್ಟರ್ ವಿಷಯ. ಆ ಲೆಕ್ಕದಲ್ಲಿ ವೋಲ್ಟೇಜೇ ಇಲ್ಲ, ಅಲ್ವಾ? ಹಾಗಿದ್ದೂ ಓಡುತ್ತದೆ! ಒಂದು ಟ್ರಾನ್ಸಿಸ್ಟರ್ ಆನ್ ಆದ ಕೂಡಲೇ ಕೆಪಾಸಿಟರ್ ಎದುರಿನದರ ಬೇಸನ್ನು ಸೊನ್ನೆಗಿಂತ ಕೆಳಗೆ ಎಳೆಯುತ್ತದೆ. 12 ವೋಲ್ಟ್ ಸಪ್ಲೈ ಇದ್ದರೆ ಎಲ್‌ಇಡಿ ತಿಂದದ್ದು ಕಳೆದರೂ 9 ವೋಲ್ಟ್ ಹತ್ತಿರ ಕೆಳಗೆ. ಬಿಸಿ547ರ ಬೇಸ್-ಎಮಿಟರ್‌ಗೆ ಉಲ್ಟಾ 6 ವೋಲ್ಟೇ ಮಿತಿ. ಅದು ದಾಟಿದರೆ ಅಲ್ಲೇ ಸೋರುತ್ತದೆ, ಹೊತ್ತು ಕಡಿಮೆಯಾಗುತ್ತದೆ. ಎರಡೂ ಬೇಸಿಗೆ ಒಂದೊಂದು 1ಎನ್4148 ಡಯೋಡ್ ಸೀರೀಸಲ್ಲಿ ಹಾಕಿ. ಪಟ್ಟಿ ಇರುವ ತುದಿ ಬೇಸಿಗೆ. ಇನ್ನೊಂದು ತುದಿಗೆ 47ಕೆ, ಕೆಪಾಸಿಟರ್ ಎರಡೂ ಸೇರಲಿ. ಇಲ್ಲ, ಹಳೇ ಮೊಬೈಲಿನ 5 ವೋಲ್ಟ್ ಚಾರ್ಜರಿಗೆ ಕೊಡಿ, ಡಯೋಡೇ ಬೇಡ. ದೀಪ ಚೂರು ಕಡಿಮೆ ಬೆಳಗುತ್ತದೆ, ಅಷ್ಟೇ.

ಬೆಟಗೇರಿ ಅಪ್ಪ:
ಡಯೋಡ್ ಹಾಕಿದೆ ಕಾಕಾ. ಮಗಳು ವಾಚ್ ಹಿಡಿದು ಎಣಿಸಿದಳು, ನಿಮಿಷಕ್ಕೆ 29 ಸಲ! ಎಡಗಡೆ ದೀಪ ಮಾತ್ರ ತುಸು ಜಾಸ್ತಿ ಹೊತ್ತು ಉರಿಯುತ್ತದೆ. ನಾನು ಬಿಡು ಅಂದರೂ ಅವಳು ಬಿಡುತ್ತಿಲ್ಲ.

ರೇಡಿಯೋ ಕಾಕಾ, ಧಾರವಾಡ:
ಅವಳದೇ ಸರಿ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಬರೆದದ್ದಕ್ಕಿಂತ ನೂರಕ್ಕೆ 20 ಆಚೀಚೆ ಇರುತ್ತದೆ. ಎರಡನ್ನೂ ಅದಲುಬದಲು ಮಾಡಿ ನೋಡಲಿ. ಆಗ ಬಲಗಡೆ ದೀಪ ಜಾಸ್ತಿ ಉರಿದರೆ ಕಳ್ಳ ಸಿಕ್ಕ.